ಬೆಕ್ಕಿಗಾಗಿ ಪ್ರಾಣಬಿಟ್ಟ ಅರ್ಜಿ ಮೇಷ್ಟ್ರು

ಅರ್ಜಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ದೊಡ್ಡ ಕಚೇರಿಯ ಮೆಟ್ಟಿಲ ಬಲಬದಿಗೆ, ಕುಡಿಯುವ ನೀರಿನ ನಲ್ಲಿಗೂ ಸೈಕಲ್ ನಿಲ್ಲಿಸುವ ಕಂಬಿಗೂ ನಡುವೆ, ಮಡಚುವ ಮೇಜೊಂದು, ಟೈಪ್ ಮಿಷನ್ನೊಂದು, ಒಂದು ಕಾಲಿಗೆ ಇಟ್ಟಿಗೆ ಚೂರಿನ ಆಸರೆ ಪಡೆದ ಕುರ್ಚಿಯೊಂದು. ಇಷ್ಟು ಅವರ ಸಾಮ್ರಾಜ್ಯ. ಇದನ್ನು ಅವರು ಇಪ್ಪತ್ತಾರು ವರ್ಷ ಪಟ್ಟ ಬಿಡದೆ ಆಳಿದ್ದರು. ಮಳೆ ಬಂದಾಗ ಮಾತ್ರ ರಾಜಧಾನಿ ಮೆಟ್ಟಿಲ ಕೆಳಗಿನ ಸಂದಿಗೆ ವರ್ಗವಾಗುತ್ತಿತ್ತು.

ಕಚೇರಿಗೆ ಬೇಡಲು ಬಂದವರೆಲ್ಲ ಮೊದಲು ಮೇಷ್ಟ್ರ ಮುಂದೆ ಕೂರಬೇಕು. ಕೂತವರು ತಮ್ಮ ಕಷ್ಟವನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. ಎರಡು ಮಾತಿನ ಕಷ್ಟ ಕಂಡರೆ ಮೇಷ್ಟ್ರಿಗೆ ಮೈಯುರಿ. ಕಷ್ಟವೆಂದರೆ ಅದಕ್ಕೊಂದು ಮೈಕಟ್ಟು ಬೇಡವೇ? ಅವರ ಶಾಸ್ತ್ರದ ಪ್ರಕಾರ ಒಂದು ಯೋಗ್ಯ ಅರ್ಜಿಯಲ್ಲಿ ಒಬ್ಬರು ಸತ್ತಿರಬೇಕು, ಒಬ್ಬರು ಹಾಸಿಗೆ ಹಿಡಿದಿರಬೇಕು, ಶಾಲೆಗೆ ಹೋಗುವ ಮಕ್ಕಳು ಕನಿಷ್ಠ ಮೂವರಿರಬೇಕು.

"ನಮ್ಮನೇಲಿ ಯಾರೂ ಸತ್ತಿಲ್ಲ ಮೇಷ್ಟ್ರೇ. ನಂಗೆ ಬೇಕಾಗಿರೋದು ಒಂದು ನಲ್ಲಿ."

"ಸೋದರಮಾವ ಇದ್ದಾರಾ?"

"ಇದ್ದಾರೆ, ಕಲ್ಲುಗುಂಡಿನ ಹಾಗಿದ್ದಾರೆ."

"ಇರಲಿ ಬಿಡಿ. ಕಾಗದದಲ್ಲಿ ತಾನೇ. ಅವರಿಗೇನೂ ನೋವಾಗಲ್ಲ."

ಹೀಗೆ ಆ ಮೇಜಿನ ಮೇಲೆ ಸತ್ತ ಸೋದರಮಾವಂದಿರನ್ನು ಸಾಲಾಗಿ ನಿಲ್ಲಿಸಿದರೆ ಕಚೇರಿಯನ್ನು ಎರಡು ಸುತ್ತು ಬರುತ್ತಿದ್ದರು. ನಲ್ಲಿಯೇನೋ ಬರುತ್ತಿತ್ತು. ಅದು ಅರ್ಜಿಯ ಹಿಂದೆ ಚುಚ್ಚಿದ, ಶುಲ್ಕ ಕಟ್ಟಿದ ರಸೀದಿಯಿಂದ ಬಂತೋ ಸೋದರಮಾವನ ಬಲಿದಾನದಿಂದ ಬಂತೋ ಎಂದು ಮಾತ್ರ ಯಾರೂ ವಿಚಾರಿಸಿರಲಿಲ್ಲ. ಮೇಷ್ಟ್ರು ಸಹ.

ಅವರ ಮನೆ ಎರಡು ಕೋಣೆಯದು, ಲಾಂಡ್ರಿಯೊಂದರ ಮಹಡಿಯ ಮೇಲೆ. ಕೆಳಗಿನ ಲಾಂಡ್ರಿಯಲ್ಲೇ ಹೆಂಡತಿಗೆ ಇಸ್ತ್ರಿಯ ಕೆಲಸ. ಮಕ್ಕಳಿಲ್ಲ. ಮಕ್ಕಳಿರಬೇಕಾದ ಜಾಗದಲ್ಲಿ, ಅಂದರೆ ಮನೆಯ ನಟ್ಟನಡುವೆ, ಇದ್ದದ್ದು ಬೆಕ್ಕು. ಬೂದು ಪಟ್ಟೆಯ ಗಂಡುಬೆಕ್ಕು, ಯಾವುದೋ ಯುದ್ಧದಲ್ಲಿ ಎಡಗಿವಿಯ ತುದಿ ಕಳೆದುಕೊಂಡಿತ್ತು. ಹೆಸರು ಗುಮಾಸ್ತ. ಇಡೀ ದಿನ ಕಾಗದದ ಮೇಲೆ ಕೂತಿರುವುದು, ಯಾರು ಕರೆದರೂ ತಲೆಯೆತ್ತದಿರುವುದು, ಮುಂದೆ ಏನಾದರೂ ಇಟ್ಟರೆ ಮಾತ್ರ ಏಳುವುದು, ಈ ಮೂರು ಲಕ್ಷಣಗಳನ್ನು ಕಂಡು ಮೇಷ್ಟ್ರೇ ಇಟ್ಟ ಹೆಸರು. ಹೊರಗೆ ಯಾರಿಗೂ ತಲೆಬಾಗದ ಮೇಷ್ಟ್ರು ಮನೆಯಲ್ಲಿ ಗುಮಾಸ್ತ ಕೂತ ಕುರ್ಚಿ ಬಿಟ್ಟು ನೆಲದ ಮೇಲೆ ಊಟ ಮಾಡುತ್ತಿದ್ದರು.

ಒಂದು ಸೋಮವಾರ ಗುಮಾಸ್ತ ಮರಳಿನ ತಟ್ಟೆಗೆ ಇಳಿದವನು ಮೇಲೇಳಲಿಲ್ಲ. ಬೆನ್ನು ಬಿಲ್ಲು ಮಾಡಿ ತಿಣುಕುವುದು, ಒಂದು ಸಲ ಅಳುವುದು, ಮತ್ತೆ ತಿಣುಕುವುದು. ಮೇಷ್ಟ್ರು ಕನ್ನಡಕ ಏರಿಸಿ ನೋಡಿ ತೀರ್ಪು ಕೊಟ್ಟರು. "ಮಲಬದ್ಧತೆ. ಒಂದು ಚಮಚ ಎಣ್ಣೆ ಕುಡಿಸು, ಸರಿಹೋಗುತ್ತೆ."

"ರೀ, ಇದು ಹೊಟ್ಟೇದಲ್ಲ," ಎಂದಳು ಹೆಂಡತಿ. ಮರಳು ಬದಲಾಯಿಸುವವಳು ಅವಳು. "ನೋಡಿ, ನಿನ್ನೆ ಸಾಯಂಕಾಲದಿಂದ ಮರಳು ಒದ್ದೆಯಾಗಿಲ್ಲ. ಅವನಿಗೆ ಉಚ್ಚೆ ಕಟ್ಟಿದೆ."

"ನೀನು ಯಾವಾಗ ಡಾಕ್ಟ್ರಾದೆ?"

"ನೀವಾದಾಗ್ಲೇ."

ಎಣ್ಣೆ ಕುಡಿಸಲಾಯಿತು. ಆ ಯುದ್ಧದಲ್ಲಿ ಮೇಷ್ಟ್ರ ಮೊಣಕೈಗೆ ಎರಡು ಗೀರು ಬಿದ್ದವು, ಎಣ್ಣೆ ಮುಕ್ಕಾಲು ಪಾಲು ಅಂಗಿಗೆ ಹೋಯಿತು. ಮೇಷ್ಟ್ರು ಗೆದ್ದವರ ಹಾಗೆ ಕಚೇರಿಗೆ ನಡೆದರು. ಒಂದು ದಿನವೆಲ್ಲ ಹಾಗೆ ಕಳೆದುಹೋಯಿತು. ಮಂಗಳವಾರ ಬೆಳಿಗ್ಗೆ ಗುಮಾಸ್ತ ಹಿಂಡಿ ಬಿಟ್ಟ ಬಟ್ಟೆಯ ಹಾಗೆ ಮೂಲೆಯಲ್ಲಿ ಬಿದ್ದಿದ್ದ. ವಾಂತಿ ಮಾಡಿಕೊಂಡಿದ್ದ, ಕರೆದರೆ ಕಿವಿಯೂ ಅಲ್ಲಾಡಲಿಲ್ಲ. ಅವನು ಕರೆದಾಗ ತಿರುಗದಿರುವುದು ಹೊಸದಲ್ಲ, ಆದರೆ ಈ ಸಲ ಅದು ಸೊಕ್ಕಿನಿಂದ ಆಗಿರಲಿಲ್ಲ. ಹೆಂಡತಿ ಒಣಗಿದ ಮರಳಿನ ತಟ್ಟೆಯನ್ನು ಗಂಡನ ಮುಂದೆ ತಂದಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಮೇಷ್ಟ್ರು ಟೈಪ್ ಮಿಷನ್ನಿನ ಮರದ ಪೆಟ್ಟಿಗೆಯನ್ನು ಬರಿದು ಮಾಡಿ, ಒಳಗೆ ತಮ್ಮ ಒಳ್ಳೆಯ ಟವೆಲ್ ಹಾಸಿ, ಗುಮಾಸ್ತನನ್ನು ಮಲಗಿಸಿ ಪ್ರಾಣಿಗಳ ಆಸ್ಪತ್ರೆಗೆ ಓಡಿದರು.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, "ಎಷ್ಟು ದಿನ ಆಯ್ತು?" ಎಂದರು.

"ಈಗ ತಾನೇ ಗೊತ್ತಾಯ್ತು," ಎಂದರು ಮೇಷ್ಟ್ರು.

ಡಾಕ್ಟರು ಅವರ ಅಂಗಿಯ ಮೇಲಿನ ಎಣ್ಣೆ ಕಲೆ ನೋಡಿದರು. ಆಮೇಲೆ ಬೆಕ್ಕಿಗೆ ಸಣ್ಣ ನಳಿಕೆ ಹಾಕಿ ಕಟ್ಟಿದ್ದನ್ನು ಬಿಡಿಸಿದರು, ಎಕ್ಸ್-ರೇ ತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ಮೂತ್ರಕೋಶದಲ್ಲಿ ಹರಳುಗಳು ಸಾಲಾಗಿ ಕೂತಿದ್ದವು.

"ಇವತ್ತಿಂದು ಬಿಡಿ, ಜೀವ ಹೋಗ್ತಿತ್ತು, ಮಾಡಿದ್ದೀನಿ. ಆದ್ರೆ ನಳಿಕೆ ತೆಗೆದ್ರೆ ಮತ್ತೆ ಕಟ್ಟುತ್ತೆ. ಶುಕ್ರವಾರದೊಳಗೆ ಆಪರೇಷನ್ ಆಗ್ಬೇಕು. ಅಲ್ಲೀತನಕ ಇಲ್ಲೇ ಇರಲಿ. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ನೋವಾಗದ ಹಾಗೆ ಒಂದು ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡೋಣ. ಸಂಕಟಪಡಿಸೋದು ಬೇಡ."

ಆಪರೇಷನ್ನಿಗೆ ಹೇಳಿದ ಮೊತ್ತ ಮೇಷ್ಟ್ರ ಮಿಷನ್ನಿನ ನಾಲ್ಕು ತಿಂಗಳ ದುಡಿಮೆ. "ಕೈಲಾಗೋದು ಎಷ್ಟು ಅಂತ ಹೇಳಿದ್ರೆ ಏನಾದ್ರೂ ದಾರಿ ನೋಡಬಹುದು," ಎಂದು ಡಾಕ್ಟರು ತಾವಾಗಿಯೇ ಬಾಗಿಲು ತೆರೆದರು. ಆ ಬಾಗಿಲಲ್ಲಿ ಸುಮ್ಮನೆ ನಡೆದುಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ದುಬಾರಿ ನಾಯಿಯೊಂದನ್ನು ಹಿಡಿದ ಹೆಂಗಸು ಕೂತಿದ್ದಳು, ನಾಯಿಯ ಕೊರಳಪಟ್ಟಿ ಮೇಷ್ಟ್ರ ಚಪ್ಪಲಿಗಿಂತ ಒಳ್ಳೆಯ ಚರ್ಮದ್ದು. ಮೇಷ್ಟ್ರು ಎದೆಯೆತ್ತಿ, "ದುಡ್ಡಿನ ಪ್ರಶ್ನೆ ಅಲ್ಲ ಡಾಕ್ಟ್ರೇ," ಎಂದರು.

"ಒಳ್ಳೇದಾಯ್ತು. ಹಾಗಾದ್ರೆ ಮುಂಗಡ ಕಟ್ಟಿ ಹೋಗಿ."

"ಮನೆಗೆ ಹೋಗಿ ಬರ್ತೀನಿ," ಎಂದು ಎದ್ದರು. ಹೊರಡುವಾಗ ಗುಮಾಸ್ತನನ್ನು ನೋಡಿದರು. ನಳಿಕೆ ಕಚ್ಚದಿರಲೆಂದು ಕೊರಳಿಗೆ ಲಾಳಿಕೆಯಂಥ ದೊಡ್ಡ ಪ್ಲಾಸ್ಟಿಕ್ ಕೊಳವೆ ತೊಡಿಸಿದ್ದರು. ಸೆರೆಸಿಕ್ಕ ರಾಜನಂತೆ ಕೊಳವೆಯ ತಳದಿಂದ ಅವನು ಮೇಷ್ಟ್ರನ್ನೇ ನೋಡುತ್ತಿದ್ದ.

ಬಾಗಿಲ ಬಳಿ ಗೋಡೆಗೆ ಒಂದು ಕಾಗದ ಅಂಟಿಸಿತ್ತು. ಪ್ರಾಣಿ ಸಹಾಯ ಸಮಿತಿ. ಚಿಕಿತ್ಸೆ ಕೊಡಿಸಲಾಗದವರು ಅರ್ಜಿ ಹಾಕಬಹುದು. ಸಮಿತಿ ಗುರುವಾರ ಸಂಜೆ ಸೇರುತ್ತದೆ.

ಅರ್ಜಿ ಎಂಬ ಪದ ಕಂಡದ್ದೇ ಮೇಷ್ಟ್ರ ರಕ್ತ ಬಿಸಿಯಾಯಿತು. ಇದು ಅವರ ರಣರಂಗ. ಒಂದೇ ತೊಡಕು. ಇಪ್ಪತ್ತಾರು ವರ್ಷ ಊರೆಲ್ಲ ಬೇಡುವ ಅರ್ಜಿ ಬರೆದವರು ತಮ್ಮ ಹೆಸರಿನಲ್ಲಿ ಒಂದನ್ನೂ ಬರೆದಿರಲಿಲ್ಲ. ಬೇಡುವವರ ಸಾಲಿನ ಆಚೆಬದಿಯಲ್ಲಿ, ಮೇಜಿನ ಹಿಂದೆ ಕೂತವರು ಅವರು. ಈಗ ಎದ್ದು ಬಂದು ಈಚೆ ನಿಲ್ಲುವುದು ಹೇಗೆ? ಸಮಿತಿಯಲ್ಲಿ ಪರಿಚಯದವರಿದ್ದರೆ? ಬೇಡುವುದಕ್ಕಿಂತ ಸತ್ತರೇ ವಾಸಿ ಎಂದು ಬಾಯಲ್ಲಿ ಹೇಳುವವರು ಬಹಳ ಮಂದಿ. ಮೇಷ್ಟ್ರು ಅದನ್ನು ಬರವಣಿಗೆಯಲ್ಲಿ ಮಾಡಿ ತೋರಿಸಿದರು.

ಅರ್ಜಿಯನ್ನು ಹೆಂಡತಿಯ ಹೆಸರಿನಲ್ಲಿ ಹೊಡೆದರು. ಶಾಸ್ತ್ರದಂತೆ ಒಬ್ಬರು ಸಾಯಬೇಕಿತ್ತು. ಮನೆಯಲ್ಲಿ ಲಭ್ಯವಿದ್ದವರು ಒಬ್ಬರೇ.

"ಕಣ್ಣೀರಿನಿಂದ ತೊಯ್ದ ಕೈಗಳಿಂದ ಬರೆದುಕೊಳ್ಳುವ ಅನಾಥ ವಿಧವೆಯ ವಿಜ್ಞಾಪನೆ ಏನೆಂದರೆ, ಸಚ್ಚರಿತ್ರರೂ ಊರಿಗೆ ಬೇಕಾದವರೂ ಆಗಿದ್ದ ನನ್ನ ಪತಿ ಅಕಾಲದಲ್ಲಿ ಅಗಲಿದ ಮೇಲೆ, ಅವರು ಸಾಕಿದ ಈ ಮೂಕಪ್ರಾಣಿಯೇ ನನಗೆ ಅವರ ಕೊನೆಯ ನೆನಪು. ಹಾಸಿಗೆ ಹಿಡಿದ ಅತ್ತೆಯನ್ನೂ ಶಾಲೆಗೆ ಹೋಗುವ ಮೂವರು ಮಕ್ಕಳನ್ನೂ ಇಲಿಗಳ ಹಾವಳಿಯಿಂದ ಕಾಪಾಡುತ್ತಿರುವುದು ಇದೊಂದೇ..."

ತಮ್ಮ ಗುಣಗಳನ್ನು ಟೈಪ್ ಮಾಡುವಾಗ ಮೇಷ್ಟ್ರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಅಂಥ ಮನುಷ್ಯ ಹೋಗಬಾರದಿತ್ತು. ಕೊನೆಗೆ ಹೆಂಡತಿಯ ಹೆಸರಿನ ಕೆಳಗೆ ತಮ್ಮ ಎಡಗೈ ಹೆಬ್ಬೆಟ್ಟು ಒತ್ತಿ, ವಿಳಾಸ ಸರಿಯಾಗಿ ಬರೆದು, ಸಮಿತಿಯ ಪೆಟ್ಟಿಗೆಗೆ ಹಾಕಿ ಬಂದರು. ಹೆಂಡತಿಗೆ, "ಎಲ್ಲ ವ್ಯವಸ್ಥೆ ಆಗಿದೆ," ಎಂದಷ್ಟೇ ಹೇಳಿದರು.

ಬುಧವಾರ ಮಧ್ಯಾಹ್ನ ಬನಿಯನ್ನಿನಲ್ಲಿ ಕೂತು ಟೀ ಕುಡಿಯುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಬಾಗಿಲಲ್ಲಿ ಕೊಡೆ ಹಿಡಿದ, ನರೆಗೂದಲಿನ, ಬೆನ್ನು ನೆಟ್ಟಗಿದ್ದ ಒಬ್ಬ ಹೆಂಗಸು. ಕಂಕುಳಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಮೇಷ್ಟ್ರ ಅರ್ಜಿ.

"ನಾನು ಪ್ರಾಣಿ ಸಹಾಯ ಸಮಿತಿಯಿಂದ. ಬೆಕ್ಕಿಗೆ ಅರ್ಜಿ ಹಾಕಿರೋ ವಿಧವೆಯ ಮನೆ ಇದೇನಾ?"

ಸಮಿತಿಯವರು ಮನೆಗೆ ಬಂದು ವಿಚಾರಿಸುತ್ತಾರೆ ಎಂಬುದು ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ. ಕಚೇರಿಯಿಂದ ಯಾರೂ ಯಾರ ಮನೆಗೂ ಹೋದದ್ದನ್ನು ಅವರು ಕಂಡಿರಲಿಲ್ಲ.

"ಹೌದು," ಎಂದರು, ಬಾಯಿ ಅದರಷ್ಟಕ್ಕೆ.

"ತಾವು?"

"ನಾನು... ಹೋದವರ ಅಣ್ಣ."

ಸಮಿತಿಯ ಅಮ್ಮ ಒಳಗೆ ಬಂದು ಕೂತರು. ಗೋಡೆಯ ಮೇಲಿದ್ದ ಗಂಡಹೆಂಡಿರ ಫೋಟೋ ನೋಡಿದರು. ಮೇಷ್ಟ್ರನ್ನು ನೋಡಿದರು. ಮತ್ತೆ ಫೋಟೋ ನೋಡಿದರು.

"ತಮ್ಮ ನಿಮ್ಮ ಹಾಗೇ ಇದ್ದರು."

"ಅವಳಿ."

"ಪಾಪ. ಕನ್ನಡಕಾನೂ ಒಂದೇ." ಅವರು ಕಾಗದ ಬಿಡಿಸಿದರು. "ಮಕ್ಕಳೆಲ್ಲಿ?"

"ಶಾಲೆಗೆ ಹೋಗಿದ್ದಾರೆ."

"ಇವತ್ತು ಶಾಲೆಗೆ ರಜೆ. ಮೂವತ್ತು ವರ್ಷ ಹೆಡ್ಮಿಸ್ ಆಗಿದ್ದೋಳು ನಾನು, ರಜೆ ಮರೆಯಲ್ಲ. ಹಾಸಿಗೆ ಹಿಡಿದ ಅತ್ತೆ?"

ಇಲ್ಲಿ ಮೇಷ್ಟ್ರ ಪ್ರತಿಭೆ ಕೈಕೊಟ್ಟಿತು. "ಪೇಟೆಗೆ ಹೋಗಿದ್ದಾರೆ," ಎಂದರು.

"ಹಾಸಿಗೆ ಸಮೇತಾನಾ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಊಟಕ್ಕೆ ಬಂದ ಹೆಂಡತಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ರೀ, ಗುಮಾಸ್ತ ಹೇಗಿದ್ದಾನಂತೆ? ಡಾಕ್ಟ್ರ ಹತ್ರ ಹೋಗಿದ್ರಾ?" ಎಂದವಳು ಹೊಸಬರನ್ನು ಕಂಡು ನಿಂತಳು. ಸಮಿತಿಯ ಅಮ್ಮ ಕಾಗದವನ್ನು ಅವಳ ಕೈಗೆ ಕೊಟ್ಟರು. ಅವಳು ನಿಂತಲ್ಲೇ ಓದಿದಳು. ದಿನವೂ ಲಾಂಡ್ರಿಯಲ್ಲಿ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವಳು ಅವಳು.

"ಯಾವಾಗ ಹೋದ್ರಿ?" ಎಂದು ಗಂಡನನ್ನು ಕೇಳಿದಳು. "ಬೆಳಿಗ್ಗೆ ಎರಡು ಸಲ ಟೀ ಕುಡಿದಿರಲ್ಲ."

ಮೇಷ್ಟ್ರು ಬನಿಯನ್ನಿನ ಅಂಚು ಕೆಳಗೆಳೆದುಕೊಂಡರು.

"ವಿಧವೆ ಮಾಡಿದ್ದು ಹೋಗ್ಲಿ. ಹೆಬ್ಬೆಟ್ಟು ಮಾಡಿಟ್ರಲ್ಲ ನನ್ನನ್ನ. ನಾನು ಸಹಿ ಹಾಕೋಕೆ ಬರದವಳಾ?"

ಸಮಿತಿಯ ಅಮ್ಮ ನಗಬಹುದೆಂದು ಮೇಷ್ಟ್ರು ಆಸೆಯಿಂದ ನೋಡಿದರು. ಅವರು ನಗಲಿಲ್ಲ. ಚೀಲದಿಂದ ದಾರ ಕಟ್ಟಿದ ಕಾಗದದ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಇವೂ ನಿಮ್ಮ ಮಿಷನ್ನೇ ತಾನೇ? 'ಮ' ಅಕ್ಷರ ಸಾಲಿಗಿಂತ ಒಂದು ಕೂದಲು ಮೇಲೆ ಕೂರುತ್ತೆ."

ಮೇಷ್ಟ್ರು ತಲೆಯಾಡಿಸಿದರು.

"ಹೋದ ವರ್ಷ ಒಂದು ಗಿಳಿ ಹನ್ನೊಂದು ಜನರನ್ನ ಸಾಕ್ತಿತ್ತು. ಆಮೇಲೆ ಒಂದು ಆಡು, ಅದೂ ಹನ್ನೊಂದು ಜನರನ್ನ. ಎರಡಕ್ಕೂ ಹೋಗಿ ನೋಡಿದ್ವಿ. ಹನ್ನೊಂದು ಜನ ಎಲ್ಲೂ ಸಿಗಲಿಲ್ಲ. ಮೂರು ವಾರದ ಹಿಂದೆ ಒಂದು ಕತ್ತೆ ಬಂತು. ಇಟ್ಟಿಗೆ ಹೊರೋ ಕತ್ತೆ. ಅದರ ಮೇಲೂ ಹನ್ನೊಂದು ಜನ. ಮತ್ತೆ ಅದೇ ಮಿಷನ್. ಇದೂ ಸುಳ್ಳೇ ಅಂತ ಕಟ್ಟಿನ ಕೆಳಗೆ ಹಾಕಿಬಿಟ್ಟೆ." ಅವರು ಕನ್ನಡಕ ತೆಗೆದರು. "ಹೇಳಿ. ಆ ಕತ್ತೆ ಸುಳ್ಳಾ?"

ಮೇಷ್ಟ್ರಿಗೆ ಆ ದಿನ ಕಣ್ಣಿಗೆ ಕಟ್ಟಿತು. ಇಟ್ಟಿಗೆ ಅಂಗಳದ ಕತ್ತೆಯವನು ಕತ್ತೆಯನ್ನು ಕಚೇರಿಯ ಮುಂದೆಯೇ ನಿಲ್ಲಿಸಿದ್ದ. ಮುಂಗಾಲು ಗೊರಸಿನ ಮೇಲೆ ಊದಿತ್ತು, ಅದನ್ನು ನೆಲಕ್ಕೆ ಊರದೆ ಎತ್ತಿಕೊಂಡು ನಿಂತಿತ್ತು. ಅವನು ಹೇಳಿದ್ದು ಎರಡೇ ಮಾತು. ಕಾಲು ಊದಿದೆ, ಕೆಲಸಕ್ಕೆ ಆಗ್ತಿಲ್ಲ. ಡಾಕ್ಟ್ರಿಗೆ ಅರ್ಧ ದುಡ್ಡು ನಾನೇ ಕೊಡ್ತೀನಿ, ಇನ್ನರ್ಧ ಸಮಿತಿಯವರು ಕೊಟ್ರೆ ಸಾಕು. ಆ ಎರಡನೆಯ ಮಾತನ್ನು ಮೇಷ್ಟ್ರು ಹೊಡೆದುಹಾಕಿದ್ದರು. ಅರ್ಧ ದುಡ್ಡು ಇರುವವನ ಮೇಲೆ ಯಾರಿಗೆ ಕನಿಕರ ಬರುತ್ತದೆ, ಅರ್ಜಿಯ ಬೆನ್ನೆಲುಬೇ ಮುರಿದುಹೋಗುತ್ತದೆ ಎಂದು.

"ನಿಜ," ಎಂದರು ಮೇಷ್ಟ್ರು. ಅರ್ಧ ದುಡ್ಡಿನ ಮಾತನ್ನೂ ಹೇಳಿದರು.

ಸಮಿತಿಯ ಅಮ್ಮ ಕಟ್ಟಿನ ಅಡಿಯಿಂದ ಕತ್ತೆಯ ಅರ್ಜಿಯನ್ನು ಎಳೆದು ಮೇಲಿಟ್ಟರು. "ನಾವು ಮೊದಲು ಹುಡುಕೋದೇ ಆ ಮಾತನ್ನ. ತನ್ನ ಕೈಯಿಂದ ಏನಾದರೂ ಹಾಕೋನು ಪ್ರಾಣೀನ ನೋಡ್ಕೋತಾನೆ ಅಂತ ನಂಬಿಕೆ. ಅದನ್ನೇ ಕಿತ್ತುಹಾಕಿ ಹನ್ನೊಂದು ಜನರನ್ನ ತುಂಬಿದ್ದೀರಿ." ಎದ್ದು ಕೊಡೆ ತೆಗೆದುಕೊಂಡರು. "ನಾಳೆ ಸಂಜೆ ಸಮಿತಿ. ಹೊಸ ಅರ್ಜಿ ತನ್ನಿ, ಕೈಬರಹದ್ದು. ಬದುಕಿರೋರು ಬರೆದಿದ್ದಾಗಿರಲಿ. ಕತ್ತೆಯವನನ್ನೂ ಕರ್ಕೊಂಡು ಬನ್ನಿ. ನಮ್ಮ ದುಡ್ಡು ಈ ತಿಂಗಳು ಒಂದು ದೊಡ್ಡ ಖರ್ಚಿಗೆ ಮಾತ್ರ ಉಳಿದಿದೆ. ಇಬ್ಬರನ್ನೂ ಕೂರಿಸಿಕೊಂಡು ಮಾತಾಡೋಣ."

ಅವರು ಮೆಟ್ಟಿಲಿಳಿದು ಹೋದ ಮೇಲೆ ಮೇಷ್ಟ್ರು ಪೆನ್ನು ಹಿಡಿದು ಕೂತರು. ಹೆಂಡತಿ ಎದುರಿಗೆ ಊಟಕ್ಕೆ ಕೂತಳು.

"ಕಣ್ಣೀರಿನಿಂದ..." ಎಂದು ಅವರು ಬಾಯಲ್ಲಿ ಗುನುಗಿದರು.

"ಯಾರದ್ದು?" ಎಂದಳು.

ಅದನ್ನು ಹೊಡೆದುಹಾಕಿದರು. "ಘನತೆವೆತ್ತ ಸಮಿತಿಯ ಪಾದಾರವಿಂದಗಳಲ್ಲಿ" ಎಂದು ಶುರುಮಾಡಿದರು. ಹೆಂಡತಿ ತುತ್ತು ನಿಲ್ಲಿಸಿ ನೋಡಿದಳು, ಅದೂ ಹೋಯಿತು. ಐದು ಹಾಳೆ ಹಾಳಾದವು. ಆರನೆಯದರಲ್ಲಿ ಉಳಿದದ್ದು ಇಷ್ಟು: ನಾನು ಕಚೇರಿಯ ಮುಂದೆ ಅರ್ಜಿ ಬರೆಯುವವನು. ನನ್ನ ಬೆಕ್ಕಿಗೆ ಹರಳಾಗಿದೆ. ಒಂದು ದಿನ ತಡಮಾಡಿದ್ದು ನಾನೇ. ಆಪರೇಷನ್ನಿನ ಖರ್ಚಿನಲ್ಲಿ ಮೂರರಲ್ಲೊಂದು ಪಾಲು ಕೊಡಬಲ್ಲೆ, ಉಳಿದದ್ದು ನನ್ನಿಂದ ಆಗುವುದಿಲ್ಲ. ಸಹಾಯ ಮಾಡಿ. ಕೆಳಗೆ ತಮ್ಮ ಹೆಸರು ಬರೆದು ಸಹಿ ಹಾಕಿದಾಗ, ಹಾಡಹಗಲು ಬಟ್ಟೆಯಿಲ್ಲದೆ ಬೀದಿಗೆ ಇಳಿದಂತೆ ಅವರಿಗೆ ಮೈ ಚಳಿಯಾಯಿತು.

ಗುರುವಾರ ಮಧ್ಯಾಹ್ನ ಜೇಬಿನಲ್ಲಿ ಆ ಹಾಳೆ ಇಟ್ಟುಕೊಂಡು ಇಟ್ಟಿಗೆ ಅಂಗಳಕ್ಕೆ ಹೊರಟರು. ಅಂಗಳದ ತಿರುವಿನವರೆಗೆ ಅವರು ಪ್ರಾಮಾಣಿಕರೇ. ತಿರುವಿನಲ್ಲಿ ಒಂದು ಇಟ್ಟಿಗೆ ರಾಶಿಯ ಪಕ್ಕ ನಿಂತು ನೋಡಿದರು. ಕತ್ತೆಯವನು ಕುಕ್ಕರಗಾಲಿನಲ್ಲಿ ಕೂತು ಕತ್ತೆಯ ಕಾಲನ್ನು ರಬ್ಬರ್ ಬುಟ್ಟಿಯ ಬಿಸಿನೀರಿನಲ್ಲಿ ಇಳಿಬಿಟ್ಟು, ಅಂಗೈಯಿಂದ ನೀರು ಎತ್ತೆತ್ತಿ ಹಾಕುತ್ತಿದ್ದ. ಕತ್ತೆ ಕಣ್ಣು ಮುಚ್ಚಿಕೊಂಡಿತ್ತು. ಅದರ ಪಕ್ಕೆಲುಬು ಒಂದೊಂದಾಗಿ ಕಾಣುತ್ತಿತ್ತು.

ಒಂದು ದೊಡ್ಡ ಖರ್ಚಿಗೆ ಮಾತ್ರ ಉಳಿದಿದೆ. ಈ ಮಾತು ಮೇಷ್ಟ್ರ ಕಿವಿಯಲ್ಲಿ ಮಿಷನ್ನಿನ ಗಂಟೆಯ ಹಾಗೆ ಬಾರಿಸಿತು. ಇವನು ಬಂದು ತನ್ನ ಎರಡು ಮಾತು ಹೇಳಿದರೆ, ಈ ಕತ್ತೆಯನ್ನು ಅವರು ಒಮ್ಮೆ ನೋಡಿದರೆ, ಗುಮಾಸ್ತನಿಗೆ ಉಳಿಯುವುದು ಇಂಜೆಕ್ಷನ್. ಮೇಷ್ಟ್ರು ರಾಶಿಯ ಮರೆಯಲ್ಲೇ ಹಿಂದಕ್ಕೆ ಸರಿದರು. ಮಹಾವೀರರು ಯುದ್ಧಭೂಮಿಯಿಂದ ಹಿಂದಿರುಗುವಾಗ ತುತ್ತೂರಿ ಊದಿಸಿಕೊಳ್ಳುತ್ತಾರೆ. ಇವರು ಚಪ್ಪಲಿ ಸದ್ದಾಗಬಾರದೆಂದು ಅದನ್ನು ಕೈಯಲ್ಲಿ ಹಿಡಿದುಕೊಂಡು ತಿರುವು ದಾಟಿದರು.

ಸಮಿತಿಯ ಕೋಣೆಯಲ್ಲಿ ಅಮ್ಮ ಹೊಸ ಅರ್ಜಿ ಓದಿದರು. ಮೊದಲ ಸಲ ಅವರ ಮುಖ ಸಡಿಲಾಯಿತು. "ಇದು ಅರ್ಜಿ," ಎಂದರು. ಆಮೇಲೆ, "ಕತ್ತೆಯವನೆಲ್ಲಿ?" ಎಂದರು.

"ಸಿಗಲಿಲ್ಲ," ಎಂದರು ಮೇಷ್ಟ್ರು.

ಜೀವಮಾನದಲ್ಲಿ ಅವರು ಕಟ್ಟಿದ ಅತಿ ಚಿಕ್ಕ ವಾಕ್ಯ. ವಿಶೇಷಣವಿಲ್ಲ, ಕಣ್ಣೀರಿಲ್ಲ, ಸೋದರಮಾವನಿಲ್ಲ. ಅದಕ್ಕೇ ಇರಬೇಕು, ಸಮಿತಿಯ ಅಮ್ಮ ತಟ್ಟನೆ ನಂಬಿದರು.

ಶುಕ್ರವಾರ ಆಪರೇಷನ್ ಆಯಿತು. ಡಾಕ್ಟರು ಒಂದು ಪುಟ್ಟ ಸೀಸೆಯಲ್ಲಿ ಅಕ್ಕಿನುಚ್ಚಿನಂಥ ಹರಳುಗಳನ್ನು ಹಾಕಿ ಕೊಟ್ಟರು. ಭಾನುವಾರ ಗುಮಾಸ್ತ ಮನೆಗೆ ಬಂದ. ಹೊಟ್ಟೆಯ ಕೂದಲು ಬೋಳಿಸಿತ್ತು, ಕೊರಳಿನ ಕೊಳವೆ ಬಾಗಿಲು, ಮೇಜು, ಮೇಷ್ಟ್ರ ಮೊಣಕಾಲು ಎಲ್ಲಕ್ಕೂ ತಗಲುತ್ತಿತ್ತು. ನೇರ ತನ್ನ ಕುರ್ಚಿಗೆ ಹೋಗಿ ಕೂತ. ಮೇಷ್ಟ್ರು ಅವನ ಕಣ್ಣು ತಪ್ಪಿಸಿ ಓಡಾಡಿದರು. ಹಾಲು ಇಡುವಾಗಲೂ ಮುಖ ಆಚೆ ತಿರುಗಿಸಿದರು. ಸಮಿತಿಯ ಮುಂದೆ ತಾವಾಡಿದ ಆ ಒಂದು ಪದವನ್ನು ಮನೆಯಲ್ಲಿ ಬಲ್ಲವನು ಇವನೊಬ್ಬನೇ ಎಂಬಂತೆ.

ಸೋಮವಾರ ಬೆಳಿಗ್ಗೆ ಹೆಂಡತಿ, "ರೀ, ಬೇಗ ಬನ್ನಿ," ಎಂದು ಕೂಗಿದಳು. ಗುಮಾಸ್ತ ಮರಳಿನ ತಟ್ಟೆಯಲ್ಲಿ ಗಂಭೀರನಾಗಿ ಕೂತಿದ್ದ. ಎದ್ದ. ಮರಳಿನ ಮೇಲೆ ಅಂಗೈಯಗಲದ ಒದ್ದೆ. ಗಂಡಹೆಂಡಿರಿಬ್ಬರೂ ನೆಲಕ್ಕೆ ಬಗ್ಗಿ, ನಿಧಿ ಕಂಡವರ ಹಾಗೆ ಅದನ್ನೇ ನೋಡಿದರು. ಹೆಂಡತಿ ಕಣ್ಣೊರೆಸಿಕೊಂಡಳು. ಆಮೇಲೆ ಬಗ್ಗಿಕೊಂಡೇ ಕೇಳಿದಳು. "ಅಂದಹಾಗೆ, ಕತ್ತೆ ಏನಾಯ್ತು?"

ಮೇಷ್ಟ್ರು ಹೇಳಿದರು. ಇಟ್ಟಿಗೆ ರಾಶಿ, ರಬ್ಬರ್ ಬುಟ್ಟಿ, ಕೈಯಲ್ಲಿ ಹಿಡಿದ ಚಪ್ಪಲಿ, ಎಲ್ಲ. ಅವಳು ಬೈದರೆ ತಡೆದುಕೊಳ್ಳಲು ತಯಾರಾಗಿ ಕಣ್ಣು ಮುಚ್ಚಿದರು.

"ಚಪ್ಪಲಿ ಹಾಕ್ಕೊಳ್ಳಿ," ಎಂದಳು ಅವಳು.

ಕತ್ತೆಯವನು ಅದೇ ಜಾಗದಲ್ಲಿ, ಅದೇ ಬುಟ್ಟಿಯ ಮುಂದೆ ಕೂತಿದ್ದ. ಮೇಷ್ಟ್ರು ನಿಂತೇ ಹೇಳಿದರು. ಅವನ ಅರ್ಧ ದುಡ್ಡಿನ ಮಾತು ಹೊಡೆದುಹಾಕಿದ್ದು, ಹನ್ನೊಂದು ಜನರನ್ನು ಸೇರಿಸಿದ್ದು, ಅದರಿಂದ ಅರ್ಜಿ ಮೂಲೆ ಸೇರಿದ್ದು. ಅವನು ಕೈ ಆಡಿಸುತ್ತ ಕೇಳುತ್ತಿದ್ದ.

"ಹನ್ನೊಂದು ಜನಾನಾ? ನಾನೂ ಇವಳೂ ಇಬ್ಬರೇ ಅಲ್ವಾ ಮೇಷ್ಟ್ರೇ," ಎಂದು ಕತ್ತೆಯ ಮೊಣಕಾಲು ತಟ್ಟಿದ.

"ಗುರುವಾರ ಸಮಿತಿಗೆ ನಿನ್ನನ್ನೂ ಕರ್ಕೊಂಡು ಬರೋಕೆ ಹೇಳಿದ್ರು. ನೀನು ಸಿಗಲಿಲ್ಲ ಅಂತ ಹೇಳ್ಬಿಟ್ಟೆ."

ಆಗ ಅವನು ತಲೆಯೆತ್ತಿದ. ಅವನಿಗೆ ಸಿಟ್ಟು ಬಂದಿರಲಿಲ್ಲ, ಅರ್ಥವಾಗಿರಲಿಲ್ಲ. "ಇಲ್ಲೇ ಇದ್ದೆನಲ್ಲ. ಇವಳು ನಡೆಯಲ್ಲ, ನಾನೆಲ್ಲಿಗೆ ಹೋಗ್ಲಿ?"

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು.

"ನಿಮ್ಮ ಬೆಕ್ಕಿಗೆ ಹುಷಾರಿಲ್ಲ ಅಂತ ಯಾರೋ ಅಂದ್ರು," ಎಂದ ಅವನು. "ಹೇಗಿದೆ ಈಗ?"

"ಇವತ್ತು ಬೆಳಿಗ್ಗೆ ಉಚ್ಚೆ ಹುಯ್ತು."

"ಸದ್ಯ," ಎಂದು ಅವನು ಮತ್ತೆ ನೀರಿಗೆ ಕೈ ಹಾಕಿದ.

ಮೇಷ್ಟ್ರೂ ಕತ್ತೆಯವನೂ ಜೊತೆಯಾಗಿ ಸಮಿತಿಯ ಅಮ್ಮನ ಮನೆಗೆ ಹೋದರು. ಮೇಷ್ಟ್ರು ಹೊಸ್ತಿಲ ಹೊರಗೇ ನಿಂತು, "ಅವತ್ತು ಸಿಕ್ಕಿದ್ದ. ನಾನೇ ಕರೀಲಿಲ್ಲ," ಎಂದರು. ಅಮ್ಮ ಅವರ ಕಡೆ ನೋಡಲೂ ಇಲ್ಲ. ಕತ್ತೆಯವನನ್ನು ಕೂರಿಸಿ, ಊತ ಎಲ್ಲಿದೆ, ಬಿಸಿಯಿದೆಯಾ, ಮೇವು ತಿನ್ನುತ್ತಾ ಎಂದು ಕೇಳಿ, ಡಾಕ್ಟರಿಗೆ ಫೋನ್ ಮಾಡಿದರು. ಫೋನ್ ಇಟ್ಟ ಮೇಲೆ ಹೇಳಿದ್ದು ಕತ್ತೆಯವನಿಗಾದರೂ, ತಗಲಿದ್ದು ಹೊಸ್ತಿಲಾಚೆಗೆ.

"ಗೊರಸಿನ ಒಳಗೆ ಕೀವು ತುಂಬಿರ್ಬೇಕಂತೆ. ಕೊರೆದು ಬಿಟ್ರೆ ಆಯ್ತು, ಅರ್ಧ ಗಂಟೆ ಕೆಲಸ. ಇದಕ್ಕೆ ಸಮಿತಿಯೇ ಬೇಕಾಗಿರಲಿಲ್ಲಪ್ಪ. ನೀನು ಕೊಡ್ತೀನಿ ಅಂದ ಅರ್ಧದಲ್ಲೇ ಮುಗೀತಿತ್ತು."

ಅಂದರೆ ಬೆಕ್ಕಿಗೂ ಕತ್ತೆಗೂ ಪೈಪೋಟಿಯೇ ಇರಲಿಲ್ಲ. ಮೇಷ್ಟ್ರು ಚಪ್ಪಲಿ ಕೈಯಲ್ಲಿ ಹಿಡಿದು ಕದ್ದು ನಡೆದದ್ದು ಯಾವ ಪ್ರಾಣವನ್ನು ಉಳಿಸುವುದಕ್ಕೂ ಬೇಕಿರಲಿಲ್ಲ. ಕತ್ತೆ ಇನ್ನೂ ನಾಲ್ಕು ದಿನ ಹೆಚ್ಚಿಗೆ ಕಾಲೆತ್ತಿಕೊಂಡು ನಿಂತದ್ದೇ ಅದರ ಫಲ.

ಮಧ್ಯಾಹ್ನ ಡಾಕ್ಟರು ಇಟ್ಟಿಗೆ ಅಂಗಳಕ್ಕೆ ಬಂದರು. ಕತ್ತೆಯವನು ಕಾಲು ಹಿಡಿದ. "ಇನ್ನೊಬ್ಬರು ತಲೆ ಹಿಡೀಬೇಕು. ನೋವಿಗೆ ಒದ್ದರೂ ಒದೆಯುತ್ತೆ, ಕಚ್ಚಿದ್ರೂ ಕಚ್ಚುತ್ತೆ, ಹುಷಾರು," ಎಂದರು ಡಾಕ್ಟರು. ಮೇಷ್ಟ್ರು ಕೇಳುವ ಮೊದಲೇ ಮುಂದೆ ಬಂದರು. ಕತ್ತೆಯ ಬಾಯಿ ಎಲ್ಲಿದೆಯೋ ಅಲ್ಲಿಗೇ ಭುಜ ಕೊಟ್ಟು ನಿಂತರು. ಕಚ್ಚಲಿ ಎಂದು ಅವರ ಮನಸ್ಸಿನಲ್ಲಿತ್ತು. ಒಂದು ಒಳ್ಳೆಯ ಕಡಿತ, ಇಲ್ಲವೇ ಎದೆಗೊಂದು ಒದೆ. ಅಷ್ಟಾದರೆ ಮನೆಗೆ ಹೋಗಿ ನೆಮ್ಮದಿಯಿಂದ ನರಳಬಹುದಿತ್ತು.

ಡಾಕ್ಟರು ಕೊರೆದರು. ಕತ್ತೆಯ ಮೈಯೆಲ್ಲ ಒಮ್ಮೆ ನಡುಗಿತು. ಮೇಷ್ಟ್ರು ಹಲ್ಲು ಕಚ್ಚಿ ಕಣ್ಣು ಮುಚ್ಚಿದರು. ಕತ್ತೆ ಕಚ್ಚಲಿಲ್ಲ, ಒದೆಯಲೂ ಇಲ್ಲ. ತನ್ನ ಭಾರವಾದ ತಲೆಯನ್ನು ಅವರ ಹೆಗಲ ಮೇಲಿಟ್ಟು, ಕುತ್ತಿಗೆಯ ಬಳಿ ಬೆಚ್ಚಗೆ ಉಸಿರುಬಿಟ್ಟಿತು.

"ಹಾಗೇ ಇರಿ ಮೇಷ್ಟ್ರೇ," ಎಂದ ಕತ್ತೆಯವನು ಕೆಳಗಿನಿಂದ. "ಅವಳಿಗೆ ನಿಮ್ಮ ಮೇಲೆ ನಂಬಿಕೆ ಬಂದಿದೆ."

ಮೇಷ್ಟ್ರು ಅಲ್ಲಾಡದೆ ನಿಂತರು. ನಾಚಿಕೆಗೆ ಕಿವಿಗಳು ಸುಡುತ್ತಿದ್ದವು. ಕತ್ತೆಯವಲ್ಲ, ಅವರವು.